ಯಂತ್ರದ ಹಣೆಗಿಟ್ಟ ಕುಂಕುಮ

ಚಾಮರಾಜಪೇಟೆ
12-10-2025

ಚಿ. ಸೌ. ನರಸಮ್ಮನಿಗೆ ನಿನ್ನ ಗಂಡ ಅಂಜನಪ್ಪನ ಅನೇಕ ಆಶೀರ್ವಾದಗಳು.

ಈ ಸಲದ ದಸರೆಗೆ ಮೈಸೂರು ಅರಮನೆಯಲ್ಲಿ ನಾನು ಹಾಡಲೇಬೇಕೆಂದು ಕಾರು ಕಳಿಸಿದ್ದರು. ಪುರುಸೊತ್ತಿಲ್ಲವೆಂದು ಬಾಗಿಲಿಂದಲೇ ವಾಪಸ್ಸು ಕಳಿಸಿದೆ. ಆ ಗಡಿಬಿಡಿಯಲ್ಲಿ ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಹೂಂ, ಆಮೇಲೆ?" ಅಂದರೆ ಸಾಕು, ನನ್ನ ಬಾಯಿಂದ ಬೇಡದ್ದೆಲ್ಲ ಉದುರುತ್ತದೆ.

ಮಂಡ್ಯದಲ್ಲಿ ನಮ್ಮ ಮಗಳು ಹೇಮಶ್ರೀಯೂ ಕೂಸೂ ಸೌಖ್ಯವೆಂದು ನಂಬಿದ್ದೇನೆ. ಬಾಣಂತನ ಮುಗಿಯುವವರೆಗೆ ನೀನು ಮುದ್ದೆಯನ್ನೇ ಉಣ್ಣು. ಮುದ್ದೆ ನುಂಗುವ ಪದಾರ್ಥ, ಅದಕ್ಕೆ ಹಲ್ಲಿನ ಅಗತ್ಯವಿಲ್ಲ. ಈ ಮಾತು ಯಾಕೆ ಬಂತೆಂದು ಈಗಲೇ ಕೇಳಬೇಡ.

ಮಹಡಿ ಮೇಲಿನ ಸಮಾಚಾರ ಹೇಳುತ್ತೇನೆ. ಹುಟ್ಟಿದಾಗಿನಿಂದ ಬೆರಳು ಮಡಚಲಾಗದ ಶಿವರಂಜಿನಿಗೆ ಅವಳಮ್ಮ, ಅಂದರೆ ನನ್ನ ತಂಗಿ, ಕೈಹಿಡಿದು ವೀಣೆ ಮೀಟಿಸುತ್ತಿದ್ದುದನ್ನು ನೀನೇ ನೋಡಿದ್ದೀಯ. ನೀನು ಹೊರಟ ವಾರ, ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಅಂಥ ಮಕ್ಕಳಿಗೆ ಸಂಗೀತ ಹೇಳಿಕೊಡುವ ನಾಗಭೂಷಣ್ ಮೇಷ್ಟ್ರು ಅವಳಿಗೊಂದು ಯಂತ್ರ ಕೊಟ್ಟರು. ಟಿಫನ್ ಡಬ್ಬಿಯಷ್ಟಿದೆ, ಮುಂದೊಂದು ಗಾಜಿನ ಕಣ್ಣು. ಅದರೆದುರು ಮೊಣಕೈ ಹತ್ತಿರ ತಂದರೆ ಮೇಲಿನ ಸ್ವರ, ದೂರ ಒಯ್ದರೆ ಕೆಳಗಿನದು. ಗಮಕವೂ ಬರುವ ಹಾಗೆ ಮೇಷ್ಟ್ರು ಅವಳ ಕೈಯಾಟಕ್ಕೆ ತಕ್ಕಂತೆ ಹದ ಮಾಡಿದ್ದರು. ತಮ್ಮ ಮಕ್ಕಳ ಸಂಗೀತ ಸಭೆಯಲ್ಲಿ ಹತ್ತು ನಿಮಿಷ ನುಡಿಸಿ ತೋರಿಸಿದರೆ ವರ್ಷವಿಡೀ ಯಂತ್ರವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು ಅಂದರು. ಸಭೆ ಆಯುಧಪೂಜೆಯ ಸಂಜೆ. ಯಂತ್ರ ಹೊತ್ತು ತರುವ ಜವಾಬ್ದಾರಿ ನನ್ನದು.

ಆಯುಧಪೂಜೆಯ ದಿನ ಯಂತ್ರವೊಂದು ಬರಿಹಣೆಯಲ್ಲಿ ಮನೆಯಿಂದ ಹೊರಡುವುದುಂಟೇ? ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ನಾನು ಕಲಿತದ್ದೇ ಪೂಜೆಯ ಉಸ್ತುವಾರಿ. ಸ್ಕೂಟರಿಗೆ, ಮಿಕ್ಸಿಗೆ, ಗ್ಯಾಸಿನ ಒಲೆಗೆ ಇಟ್ಟಂತೆ ಅದಕ್ಕೂ ವಿಭೂತಿ ಬಳಿದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ನಟ್ಟನಡುವೆ ದಪ್ಪಗೆ ಇಟ್ಟೆ. ನಟ್ಟನಡುವೆ ಇದ್ದದ್ದು ಕಣ್ಣು.

ಸಭೆಯಲ್ಲಿ ಸ್ವಿಚ್ಚು ಹಾಕಿದೊಡನೆ, ಯಾರೂ ಕೈಯಾಡಿಸದೆಯೇ, ಯಂತ್ರ ಮೇಲಿನ ಷಡ್ಜ ಹಿಡಿದು ಕಿರುಚತೊಡಗಿತು. ಬಿಡಲೇ ಇಲ್ಲ. ಅದು ಶ್ರುತಿಯೆಂದು ಅಕ್ಕಪಕ್ಕದವರಿಗೆ ವಿವರಿಸಿದೆ. ಇಬ್ಬರು ತಲೆಯನ್ನೂ ತೂಗಿದರು. ಶಿವರಂಜಿನಿ ಮೊಣಕೈ ಆಡಿಸಿ ಆಡಿಸಿ ಸೋತು, ಬಗ್ಗಿ ನೋಡಿ, ಮೈಕಿನಲ್ಲೇ ಕೇಳಿದಳು:

"ಮಾವ, ಇದಕ್ಕೆ ಪೂಜೆ ಮಾಡಿದ್ರಾ?"

"ಸ್ವಲ್ಪ ಕಣಮ್ಮ."

ಸಭೆಗೆ ಸಭೆಯೇ ನಕ್ಕಿತು. ನಾನು ಓಡಿಹೋಗಿ ಪಂಚೆಯ ತುದಿಯಿಂದ ಒರೆಸಿದೆ. ಎಣ್ಣೆ ಇನ್ನಷ್ಟು ಹರಡಿತು. ಮುಟ್ಟಬೇಡಿ ಎನ್ನುತ್ತಾ ಮೇಷ್ಟ್ರು ಬರುವಷ್ಟರಲ್ಲಿ ನೀರಿನ ಬಾಟಲಿ ಬಗ್ಗಿಸಿದ್ದೆ. ಕಿರುಚಾಟ ನಿಂತಿತು. ಯಂತ್ರವೂ ನಿಂತಿತು.

ರಿಪೇರಿಗೆ ಮುನ್ನೂರೋ ನಾನೂರೋ ಆಯಿತು. ಮೇಷ್ಟ್ರು ದೊಡ್ಡ ಮನುಷ್ಯರು, ಇನ್ನೊಂದು ಅವಕಾಶ ಕೊಟ್ಟರು. ಇವತ್ತು ಬೆಳಗ್ಗೆ ಅವಳು ಹತ್ತು ನಿಮಿಷಕ್ಕೆ ಬದಲು ಇಪ್ಪತ್ತು ನಿಮಿಷ ನುಡಿಸಿ ಯಂತ್ರವನ್ನು ಮನೆಗೆ ತಂದಳು. ನನಗೆ ಕೊನೆಯ ಸಾಲಿನಲ್ಲಿ ಜಾಗ. ಬಾಗಿಲಲ್ಲೇ ನನ್ನ ಜೇಬು ತಡವಿ ನೋಡಿದರು. ಕುಂಕುಮದ ಪೊಟ್ಟಣ ಸಿಕ್ಕಿತು, ಅದು ಬೇರೆ ಮಾತು.

ಈಗ ಮಹಡಿಯಿಂದ ಮೋಹನ ರಾಗ ಇಳಿದು ಬರುತ್ತಿದೆ. ನನಗೆ ಐದನೇ ಮೆಟ್ಟಿಲವರೆಗೆ ಮಾತ್ರ ಅಪ್ಪಣೆ. ಅಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಕೂಸಿಗೆ ದೀರ್ಘಾಯುಸ್ಸು, ಹೇಮಶ್ರೀಗೆ ಒಳ್ಳೆಯ ನಿದ್ದೆ, ನಿನಗೆ ಅಪಾರ ಸಹನೆ ಸಿಗಲೆಂದು ಹಾರೈಸುವ,

ನಿನ್ನ
ಅಂಜನಪ್ಪ

ತಾ.ಕ.: ಅವತ್ತು ಆಟೋದಲ್ಲಿ ವಾಪಸ್ಸು ಬರುವಾಗ ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಯಾರೂ ಕೈ ಹಿಡ್ಕೊಳ್ದೆ ನಾನೇ ಸಭೇಲಿ ನುಡಿಸೋದನ್ನ ಅಮ್ಮ ಇವತ್ತು ಮೊದಲ್ನೇ ಸಲ ನೋಡ್ತಿದ್ಲು, ಮಾವ" ಅಂದಳು. ಅಷ್ಟೇ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ ನರಸು. ಹಳೆಯ ಯಂತ್ರ ರಿಪೇರಿಯಾಗಲೇ ಇಲ್ಲ, ಹೊಸದನ್ನೇ ತರಿಸಿಕೊಟ್ಟೆ. ಮುನ್ನೂರು ಎಂದೆನಲ್ಲ, ಅದು ಆಟೋ ಬಾಡಿಗೆ. ಹಲ್ಲು ಕಟ್ಟಿಸಿಕೊಳ್ಳಲು ನೀನು ಅಕ್ಕಿ ಡಬ್ಬದ ತಳದಲ್ಲಿ ದುಡ್ಡು ಇಟ್ಟಿದ್ದೆಯಲ್ಲ, ಆ ಡಬ್ಬದಲ್ಲೀಗ ಅಕ್ಕಿ ಮಾತ್ರ ಇದೆ. ಮೂವತ್ತೊಂದು ಸಾವಿರದ ಆರುನೂರು.