ಸುಷ್ಮಿತಾಳ ಕಿವಿ

ಜನವರಿ 8, ಬೆಳಿಗ್ಗೆ 7
ಮತ್ತೆ ಹೊನ್ನವಳ್ಳಿ ಬಸ್. ಮತ್ತೆ ಪಕ್ಕದ ಸೀಟಲ್ಲಿ ಸುಷ್ಮಿತಾ. ಫೀಲ್ಡ್ ಪ್ರಾಜೆಕ್ಟಂತೆ — ರಂಗಣ್ಣನ ತೋಟದಲ್ಲಿ ಕೊಬ್ಬರಿ ಕೆಲಸ ಕಲಿಯೋದು. ಕ್ಲಾಸಿಗೆ ನಾನು ಫಸ್ಟ್. ಅವಳಿಗೆ ಎರಡು ಸಬ್ಜೆಕ್ಟ್ ಬ್ಯಾಕ್. ಅಲ್ಲಿ ಮಾತ್ರ ಎಲ್ಲಾ ಉಲ್ಟಾ.

ಸಂಜೆ
ಹಾಲಮ್ಮ ಇಪ್ಪತ್ತು ವರ್ಷದಿಂದ ಅಲ್ಲಿ ಕೊಬ್ಬರಿ ಒಡೆಯೋಳು. ಕಾಯಿ ಅಲ್ಲಾಡಿಸಿ ಕಿವಿಗೆ ಹಿಡೀತಾಳೆ. ನೀರು ಕುಲುಕಿದ್ರೆ ಹಸಿ, ಒಣಗೋಕೆ ಅಟ್ಟಕ್ಕೆ ವಾಪಸ್. ಗಡಗಡ ಅಂದ್ರೆ ಒಳಗಿನ ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಕೊಂಡಿದೆ, ಉಂಡೆ ಚೂರಾಗದ ಹಾಗೆ ಒಡೀಬೇಕು. ನಾನು ಬರ್ಕೊಂಡೆ. ಸುಷ್ಮಿತಾ ಕಿವಿಗಿಟ್ಕೊಂಡ್ಲು.
"ಬರಿಯೋದ್ ಬುಡವ್ವ, ಕೇಳು," ಅಂದ್ಲು ಹಾಲಮ್ಮ. ನನಗೇ!

ಜನವರಿ 13
ನಂದು ಹತ್ತರಲ್ಲಿ ಆರು ಉಂಡೆ ಚೂರು. ಸುಷ್ಮಿತಾದು ಹತ್ತೂ ಇಡಿ. "ನಿನ್ ಕಿವಿಗೆ ದೃಷ್ಟಿ ತೆಗೀಬೇಕು ಕಣೇ" ಅಂತಾಳೆ ಹಾಲಮ್ಮ. ಹೊಟ್ಟೆ ಉರೀತು. ಸುಳ್ಯಾಕೆ, ಧಗಧಗ ಉರೀತು.
ಕಾಲೇಜಿಂದ ಪರಮೇಶ್ ಸರ್ ಬಂದಿದ್ರು. ಮೈಸೂರಲ್ಲಿ ಆರು ತಿಂಗಳ ಟ್ರೇನಿಂಗ್, ಕಾಲೇಜಿಗೆ ಒಂದೇ ಸೀಟು. ಮಾರ್ಕ್ಸ್ ನೋಡಲ್ವಂತೆ, ಕೈಕೆಲಸ ನೋಡ್ತಾರಂತೆ. ಮೂರು ವರ್ಷ ಉರು ಹೊಡೆದಿದ್ದು ಯಾಕೆ ಹಾಗಾದ್ರೆ? 20ಕ್ಕೆ ಟೆಸ್ಟ್.

ಜನವರಿ 19, ಸಂಜೆ 5
ನಾಳೆ ಟೆಸ್ಟಿಗೆ ಅಂತ ಹಾಲಮ್ಮ ಇಬ್ಬರಿಗೂ ಇಪ್ಪತ್ತಿಪ್ಪತ್ತು ಒಣಕಾಯಿ ಆರಿಸಿ, ಗುಡ್ಡೆ ಹಾಕಿ ಹೋದ್ಲು. ಶೆಡ್ಡಲ್ಲಿ ನಾನೊಬ್ಳೆ. ಸುಷ್ಮಿತಾಳ ಗುಡ್ಡೆಯಿಂದ ಆರು ತೆಗೆದು ಅಟ್ಟದ ಹಸಿಕಾಯಿ ಆರು ಇಟ್ಟೆ.

ಜನವರಿ 20, ಸಂಜೆ 6
ಹಾಲಮ್ಮ ಆರಿಸಿದ್ದು ಅಂತ ನಾನು ಸೀದಾ ಒಡೆಯೋಕೆ ಕೂತೆ. ಸುಷ್ಮಿತಾ ಒಂದೊಂದೂ ಅಲ್ಲಾಡಿಸಿದ್ಲು. ಆ ಆರು ಹಸಿಕಾಯಿನೂ ಪಕ್ಕಕ್ಕಿಟ್ಲು. ಆಮೇಲೆ ನನ್ ಹತ್ರ ಬಂದು, "ತಡಿಯೇ ಸ್ಪಂದನ, ನಿನ್ ಗುಡ್ಡೆಲೂ ಹಸಿಕಾಯಿ ಸೇರ್ಕೊಂಡವೇನೋ" ಅಂತ ಉಳಿದ ಕಾಯಿಗಳ್ನೆಲ್ಲ ಕಿವಿಗಿಟ್ಟು ನೋಡಿಕೊಟ್ಲು. ಆದ್ರೂ ಐದು ಚೂರು ಮಾಡ್ದೆ.
ಅವಳ ಹದಿನಾಲ್ಕೂ ಇಡಿ, ಒಂದೂ ಚೂರಿಲ್ಲ. ಸೀಟು ಅವಳಿಗೇ.
ಆರು ಹಸಿಕಾಯಿ ಆರಿಸಿಟ್ಟಿದ್ದಕ್ಕೆ ರಂಗಣ್ಣ ಹಾಲಮ್ಮನ ಮೇಲೆ ರೇಗಿದ್ರು. "ವಯಸ್ಸಾಯ್ತು, ಕಿವಿ ಹೋಯ್ತು. ನಾಳೆಯಿಂದ ಬರಬ್ಯಾಡ." ಅವಳು ಒಂದು ಹಸಿಕಾಯಿ ಎತ್ತಿ ಅಲ್ಲಾಡಿಸಿದ್ಲು. ಮತ್ತೆ ಅಲ್ಲಾಡಿಸಿದ್ಲು.
"ಕೇಳುಸ್ತೈತಲ್ಲವ್ವ... ನಿನ್ನೆ ಹೆಂಗ್ ತಪ್ತು?"
ನನ್ನೇ ಕೇಳಿದ್ಲು.

ಜನವರಿ 21, ಬೆಳಿಗ್ಗೆ 6:40
ಬಸ್ ಸ್ಟ್ಯಾಂಡ್. ಸುಷ್ಮಿತಾ ಆಗ್ಲೇ ಬಂದವ್ಳೆ. "ಹಾಲಮ್ಮನ ಪರವಾಗಿ ರಂಗಣ್ಣನ್ನ ಕೇಳಣ ಬಾರೇ. ನೀನ್ ಟಾಪರ್ರು, ನಿನ್ ಮಾತ್ ಕೇಳ್ತಾರೆ" ಅಂತಾಳೆ. ಥೂ... ಈಗ್ಲೂ ಹೊಟ್ಟೆಕಿಚ್ಚೇ. ಇಷ್ಟು ಒಳ್ಳೆಯವಳಾಗಿ ಸಾಯ್ತಾಳೆ ಯಾಕೆ ಇವಳು?
ಬಾಯಲ್ಲಿ ಬರ್ತಿಲ್ಲ. ಬರೆದೇ ತೋರಿಸ್ತೀನಿ, ಬಸ್ ಬರೋದ್ರೊಳಗೆ. ಸುಷ್ಮಿತಾ, ಹಾಲಮ್ಮನ ಕಿವಿ ಸರಿಯಾಗೇ ಇದೆ. ಆ ಆರು ಕಾಯಿ ಇಟ್ಟಿದ್ದು ನಾನೇ.