ಹರಿ ಐಡಿ ಕೊಟ್ಟ

ಜೂನ್ 3, ಮಂಗಳವಾರ

ಶಟರ್ ಎತ್ತಲು ಹೋದರೆ ಅಂಬರೀಶ್ ಆಗಲೇ ಮೆಟ್ಟಿಲ ಮೇಲೆ. ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಗೆ ದಿನಾ ಬೈಕಿನಲ್ಲಿ ಬರುವವನು. ಸಿಸ್ಟಮ್‌ಗಳ ಹೊಣೆಯೆಲ್ಲ ಅವನದೇ. ಆದರೂ ಹನ್ನೊಂದಕ್ಕೆ ಮೊದಲು ಮುಖ ತೋರಿಸಿದ್ದಿಲ್ಲ. ಇವತ್ತೇಕೆ?

"ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಹಂಗೇ ಬಂದ್ಬುಟ್ಟೆ ಬಾಬಣ್ಣ" ಅಂದ.

ಕೈಯಲ್ಲಿ ಸೊಪ್ಪಿನ ವಾಸನೆ ಇರಲಿಲ್ಲ. ಸೋಪಿನದಿತ್ತು.

ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಮಾಡುತ್ತ ಮೇಲೆ ಬಂದವನು ನಾನು. ಕಾಗದ ನೋಡುವ ಮೊದಲು ಅದನ್ನು ನೀಡುವ ಕೈ ನೋಡಿ ಅಭ್ಯಾಸ. ಈಗ ಗೇಮಿಂಗ್ ಸೆಂಟರ್. ಕಾಗದ ಹೋಯಿತು, ಅಭ್ಯಾಸ ಹೋಗಿಲ್ಲ.

ಜೂನ್ 5, ಗುರುವಾರ, ಮಧ್ಯಾಹ್ನ

ಕರೆಂಟ್ ಇಲ್ಲ. ಅದಕ್ಕೇ ಬರೆಯುತ್ತಿರುವುದು.

ಹರಿತಾ ಪ್ರಾಕ್ಟೀಸಿಗೆ ಬಂದು ಹೋದಳು. ಅಕ್ಕನ ಮಗಳು, ಬಿಕಾಂ ಓದುತ್ತಾಳೆ. ಹದಿನೈದಕ್ಕೆ ಆನ್‌ಲೈನ್ ಕ್ವಾಲಿಫೈಯರ್. ಗೆದ್ದರೆ ಮೈಸೂರಿನಲ್ಲಿ ಸ್ಟೇಟ್ ರೌಂಡ್. ಕೂತರೆ ನಿಂತರೆ ಅದೇ ಜಪ. ಬೇರೆ ಸೆಂಟರಿಗೆ ಅಕ್ಕ ಕಳಿಸುವುದಿಲ್ಲ. "ನಿನ್ ಕಣ್ಮುಂದೆ ಆಡೋದಾದ್ರೆ ಆಡ್ಲಿ" ಎಂದಿದ್ದಾಳೆ. ಅಂದರೆ ಹುಡುಗಿಯ ಹೊಣೆ ನನ್ನ ತಲೆ ಮೇಲೆ.

ಗೇಮು ಒಂದೇ, ವರ್ಷನ್ ಎರಡು. ಕ್ವಾಲಿಫೈಯರ್ ಹೊಸದರಲ್ಲಿ ಮಾತ್ರ. ಕಾಲೇಜಿನವರಿಗೆ ಹಳೆಯದೇ ಬೇಕು, ಹೊಸದು ನಿಧಾನ, ಎಳೆಯುತ್ತದೆ ಅಂತಾರೆ. ಎರಡೂ ಒಟ್ಟಿಗೆ ಏಳುವುದಿಲ್ಲ — ಒಂದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಆ ಜಾಗಕ್ಕೆ ತರಬೇಕು. ಅದಕ್ಕೆ ಅಂಬರೀಶ್ ಸ್ಕ್ರಿಪ್ಟ್ ಬರೆದಿದ್ದಾನೆ. ಕೌಂಟರ್ ಸಿಸ್ಟಮ್‌ನಲ್ಲಿ ಒಂದು ಫೈಲ್ ಒತ್ತುತ್ತಾನೆ. ಕಪ್ಪು ಕಿಟಕಿಯೊಂದು ತೆರೆದು ಮುಚ್ಚಿಕೊಳ್ಳುತ್ತದೆ. ಒಳಗೆ ಹರಿತಾ ಕೂರುವ ಸಿಸ್ಟಮ್‌ನಲ್ಲಿ ವರ್ಷನ್ ಬದಲು.

ನನ್ನ ಕೌಂಟರ್, ನನ್ನ ಕುರ್ಚಿ. ಆ ಕಿಟಕಿಯೊಳಗೆ ಏನಿದೆಯೋ ಅವನಿಗೊಬ್ಬನಿಗೇ ಗೊತ್ತು.

ಜೂನ್ 6, ಶುಕ್ರವಾರ

ಶಿಡ್ಲಘಟ್ಟದ ಹರಿಕೃಷ್ಣ ಬಂದಿದ್ದ. ಅಲ್ಲಿ ಅವನದೂ ಸೆಂಟರ್. ಅವನ ಹುಡುಗರೂ ಅದೇ ಕ್ವಾಲಿಫೈಯರಿಗೆ. ನಮ್ಮ ಲೈನಿನಲ್ಲಿ ಹರಿ ಅಂದರೆ ಅವನೇ. ನನ್ನನ್ನು ನೋಡಲು ಬಂದೆ ಅಂದ. ನೋಡಿದ್ದು ಅಂಬರೀಶನನ್ನು. ಟೀ ಅಂಗಡಿ ಮುಂದೆ ಇಬ್ಬರದೂ ನಗುವೋ ನಗು.

"ಏನಪ್ಪ ಅಷ್ಟೊಂದು?"

"ಏನಿಲ್ಲ ಬಾಬಣ್ಣ. ಅವ್ರ ಏಸಿ ರೂಮಲ್ಲಿ ಇಲಿ ಸೇರ್ಕೊಂಡದಂತೆ, ಚಳಿಗೆ ಆಚೆ ಬರ್ತಿಲ್ವಂತೆ."

ಒಂದು ಇಲಿಗೆ ಅಷ್ಟು ನಗು ಜಾಸ್ತಿಯಾಯಿತು.

ಜೂನ್ 9, ಸೋಮವಾರ

ಇವತ್ತು ಅಂಬರೀಶನ ಬೆನ್ನ ಹಿಂದೆ ನಿಂತೆ, ಫ್ಯಾನ್ ಒರೆಸುವ ನೆಪದಲ್ಲಿ. ಕಪ್ಪು ಕಿಟಕಿ ತೆರೆಯಿತು. ಇಂಗ್ಲಿಷ್ ಅಕ್ಷರ, ಬಿಳಿ ಬಣ್ಣ. ಓದಿಕೊಂಡೆ.

HARI ID KOTTA.

ಹರಿ ಐಡಿ ಕೊಟ್ಟ. ಕನ್ನಡವೇ. ಯಾರಿಗೆ ಕೊಟ್ಟ? ಇವನಿಗೆ. ಯಾಕೆ ಕೊಟ್ಟ? ಅದನ್ನು ಕಿಟಕಿ ಹೇಳಲಿಲ್ಲ.

ಸಂಜೆ ಕಾಲೇಜಿನವರು ಬಂದಾಗ ಇನ್ನೊಮ್ಮೆ. ಈ ಸಲ HARI ID PAATA. ಪಾಟ... ಪಾಠ. ನೆಟ್ಟಗೆ ಬರೆಯಲು ಬಂದಿಲ್ಲ, ಅಷ್ಟೆ. ಹರಿ ಐಡಿಯನ್ನೂ ಕೊಟ್ಟ, ಪಾಠವನ್ನೂ ಹೇಳಿಕೊಟ್ಟ. ನನ್ನ ಕೌಂಟರಿನಲ್ಲಿ ಕೂತು ಶಿಡ್ಲಘಟ್ಟಕ್ಕೆ ಕೆಲಸ. ಹರಿತಾಳ ಆಟವೆಲ್ಲ ಅಲ್ಲಿಗೆ ಹೋಗುತ್ತಿದೆ ಅನ್ನುವುದಕ್ಕೆ ಇನ್ನೇನು ಬೇಕು.

ಕೇಳಲಿಲ್ಲ. ಕೇಳಿದರೆ ಕಳ್ಳ ಹುಷಾರಾಗುತ್ತಾನೆ.

ಜೂನ್ 10, ಮಂಗಳವಾರ

ಅಂಬರೀಶ್ ಊಟಕ್ಕೆ ಹೋದಾಗ ಕೆಲಸ ಮುಗಿಸಿದೆ. ಕೌಂಟರಿನಲ್ಲಿ ಎರಡು ಫೈಲ್ — KOTTA ಒಂದು, PAATA ಒಂದು. ಎರಡೂ ಡಿಲೀಟ್. ಪಾಸ್‌ವರ್ಡ್ ಬದಲಾಯಿಸಿದೆ. ಬಂದಮೇಲೆ ನಯವಾಗಿ ಹೇಳಿದೆ: "ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು. ಈ ವಾರ ಮನೇಲಿರಪ್ಪ."

"ಇನ್ನೂ ಎರಡ್ನೇ ಜ್ವರಕ್ಕೆ ಕೂತವೆ ಬಾಬಣ್ಣ, ಪೊರೆ ಬಿಡ್ಬೇಕು. ಹಣ್ಣಾಗೋದು ಎಲ್ಲಿ ಬಂತು?"

"ನಿಮ್ಮಮ್ಮಂಗೆ ಕೈಗೊಬ್ರು ಆಗ್ತಾರಲ್ಲ."

"ಭಾನುವಾರ ಹರಿತಮ್ಮಂದು ಮ್ಯಾಚು."

"ನಾನಿಲ್ವ?"

ಹೆಲ್ಮೆಟ್ ತಗೊಂಡು ಹೋದ. ತಪ್ಪಿಲ್ಲದವನು ಜಗಳ ಆಡಬೇಕಿತ್ತಲ್ಲವೇ?

ಜೂನ್ 15, ಭಾನುವಾರ, ಸಂಜೆ

ಆಯಿತು.

ಹರಿತಾಳ ಸಿಸ್ಟಮ್‌ನಲ್ಲಿ ಹಳೆಯ ವರ್ಷನ್ ಕೂತಿತ್ತು, ನಿನ್ನೆ ಕಾಲೇಜಿನವರು ತಾವೇ ಹೇಗೋ ಹಾಕಿಕೊಂಡು ಆಡಿದ್ದು. ಸ್ಕ್ರಿಪ್ಟ್ ಇಲ್ಲ. ಕೌಂಟರಿನಿಂದಲೇ ಒಂದೊಂದಾಗಿ ಫೋಲ್ಡರ್ ಎಳೆದು ಹಾಕಿದೆ. ಅರ್ಧ ಹೊಸದು ಬಂತು, ಅರ್ಧ ಹಳೆಯದು ಅಲ್ಲೇ ಉಳಿಯಿತು — ಇದು ಆಮೇಲೆ ಗೊತ್ತಾಗಿದ್ದು. ಗೇಮು ಎದ್ದಿತು. ಎದ್ದಿತಲ್ಲ, ಸಾಕು ಅಂದುಕೊಂಡೆ.

ಎರಡು ಆಟ ಗೆದ್ದಳು. ಮೂರನೆಯದರ ನಡುವೆ ಸ್ಕ್ರೀನ್ ಕೆಂಪಾಯಿತು. ಫೈಲ್ ತಿದ್ದಲಾಗಿದೆ, ಮೋಸದ ಆಟ, ಐಡಿ ಲಾಕ್. ಕೆಳಗೆ ದಪ್ಪಕ್ಷರದಲ್ಲಿ ಐಡಿಯ ಹೆಸರು. HARI.

"ಇದ್ಯಾರಮ್ಮ ಹರಿ?"

"ನಾನೇ ಮಾಮ. ಗೇಮಲ್ಲಿ ನನ್ ಹೆಸ್ರು ಅದೇ. ಇಷ್ಟು ದಿನ ನೋಡೇ ಇಲ್ವ ನೀನು?"

ನೋಡಿದ್ದೆ. ಬೇರೆ ಹರಿಯನ್ನು.

ಅವಳು ಅಳಲಿಲ್ಲ. ಹೆಡ್‌ಫೋನ್ ವೈರು ಸುತ್ತಿ ಸುತ್ತಿ ಇಟ್ಟಳು. "ಅಂಬರೀಶಣ್ಣ ಏನೋ ಮಾಡಿಟ್ಟು ಹೋಗಿದಾನೆ. ಅದಕ್ಕೇ ಬಂದಿಲ್ಲ ಇವತ್ತು" ಅಂದಳು. ಹೌದು ಅನ್ನಲಿಲ್ಲ ನಾನು. ಅಲ್ಲ ಅಂತಲೂ ಅನ್ನಲಿಲ್ಲ.

ಒಂದು ಮಾತ್ರ ಕೊರೆಯುತ್ತಿದೆ. ಹರಿ ಅಂದರೆ ಇವಳು. ಹಾಗಾದರೆ ತನ್ನ ಐಡಿಯನ್ನು ಅವನಿಗೆ ಕೊಟ್ಟವಳು ಇವಳೇ? ಆಗ "ಕೊಟ್ಟಳು" ಅಂತ ಇರಬೇಕು. "ಕೊಟ್ಟ" ಯಾಕೆ?

ಜೂನ್ 16, ಸೋಮವಾರ, ಬೆಳಿಗ್ಗೆ

ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದೆ. ಅಮ್ಮ ನನ್ನ ಚಪ್ಪಲಿಯನ್ನು ಕಾಲಲ್ಲೇ ಆಚೆ ತಳ್ಳಿ ಬೈಯುತ್ತಿದ್ದಳು. ಬೈಗುಳ ಯಾವಾಗಲೂ ತೆಲುಗಿನಲ್ಲೇ.

"ಆ ಪಾತದಿ ಪಾರೇಯ್‌ರಾ. ಕೊತ್ತದಿ ತೆಚ್ಚಿ ಎನ್ನಿ ದಿನಾಲಾಯೆ."

ಹಳೆಯದನ್ನು ಬಿಸಾಡೋ. ಹೊಸದು ತಂದು ಎಷ್ಟು ದಿನ ಆಯಿತು.

ಬಾಯಲ್ಲಿದ್ದ ಪೇಸ್ಟ್ ನುಂಗಿಬಿಟ್ಟೆ.

PAATA ಅಂದರೆ ಪಾತ, ಹಳೆಯದು. KOTTA ಅಂದರೆ ಕೊತ್ತ, ಹೊಸದು. ಹರಿ ಐಡಿಯ ಸಿಸ್ಟಮ್‌ಗೆ ಹೊಸ ವರ್ಷನ್, ಅದೇ ಸಿಸ್ಟಮ್‌ಗೆ ಹಳೆಯ ವರ್ಷನ್. ಅಷ್ಟೆ. ಅಂಬರೀಶ್ ಮನೆಯಲ್ಲಿ ಆಡುವ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದಾನೆ. ನಾನು ಮನೆಯಲ್ಲಿ ಆಡುವ ಮಾತೂ ಅದೇ. ಆದರೆ ನಮ್ಮ ತೆಲುಗು ಬಾಯಲ್ಲಿದೆ, ಕಣ್ಣಲ್ಲಿಲ್ಲ. ಓದಲು ಕೂತರೆ ಎಲ್ಲವೂ ಕನ್ನಡವಾಗಿಬಿಡುತ್ತದೆ.

"ಏಮೈಂದಿರಾ?" ಅಂದಳು ಅಮ್ಮ.

ಏನೂ ಆಗಿಲ್ಲ ಅಂದೆ. ಕನ್ನಡದಲ್ಲಿ.

ಜೂನ್ 18, ಬುಧವಾರ

ಫೋನ್ ಮಾಡಿರಲಿಲ್ಲ. ಅಂಬರೀಶ್ ತಾನಾಗಿಯೇ ಬಂದ. ಹರಿತಾ ಅವನ ಮುಖ ನೋಡದೆ ಆಚೆ ಎದ್ದು ಹೋದಳು.

"ಪಾಸ್‌ವರ್ಡ್ ಹೇಳಿ ಬಾಬಣ್ಣ" ಅಂದ. ಹೇಳಿದೆ. ನೋಡಿದ. ಎರಡೂ ಫೈಲ್ ಇಲ್ಲ. ಕುರ್ಚಿ ತಿರುಗಿಸಿ ನನ್ನ ಕಡೆ ಕೂತ.

"ಐಡಿ ಲಾಕ್ ಆಗಿದ್ದು ಟೂರ್ನಮೆಂಟ್ ಲಿಸ್ಟಲ್ಲಿ ನೋಡ್ದೆ, ಹರಿತಮ್ಮನ ಹೆಸ್ರಲ್ಲಿ ನಾನೇ ಅಪೀಲ್ ಹಾಕಿದೀನಿ. ನಾಳೆ ನಾಲ್ಕಕ್ಕೆ ಟೂರ್ನಮೆಂಟಿನವ್ರು ನಿಮ್ಗೆ ಫೋನ್ ಮಾಡ್ತಾರೆ. ಫೈಲ್ ಮುಟ್ಟಿದೋರು ಒಪ್ಕೊಂಡ್ರೆ ಐಡಿ ಬಿಡ್ತಾರೆ, ಶನಿವಾರ ಮತ್ತೆ ಆಡಿಸ್ತಾರೆ. ಇಲ್ಲಾಂದ್ರೆ ಆ ಐಡಿ ಮುಗೀತು."

"ನೀನು..."

"ನಾನೇ ಅಂತ ಹೇಳಕ್ಕೆ ನಂಗೇನೂ ಅಡ್ಡಿಯಿಲ್ಲ. ನಂಬಲ್ಲ ಅವ್ರು. ಕೌಂಟರಿಂದ ಮಾಡಿರೋದು ಅವ್ರಿಗೆ ಕಾಣ್ತದೆ. ಅವತ್ತು ಪಾಸ್‌ವರ್ಡ್ ನಿಮ್ತಾವ ಮಾತ್ರ ಇತ್ತು."

"ಹರಿತಾಗೆ ಹೇಳಿದ್ಯಾ?"

"ಅದು ನಿಮ್ಮನೆ ವಿಷ್ಯ" ಅಂದು ಬೈಕ್ ಹತ್ತಿದ.

ಯಾಕೆ ಹೇಳಲಿಲ್ಲ? ನಾಲ್ಕು ದಿನದಿಂದ ಹುಡುಗಿ ಅವನನ್ನೇ ಬೈಯುತ್ತಿದ್ದಾಳೆ. ಬಾಯಿ ಬಿಟ್ಟಿದ್ದರೆ ತಕ್ಷಣ ಬಚಾವ್. ಇದರಲ್ಲಿ ಅವನಿಗೇನು ಲಾಭ ಅಂತ ತಿರುವಿ ಮುರುವಿ ನೋಡಿದೆ. ಸಿಗಲಿಲ್ಲ. ಲಾಭ ಕಾಣದ ಕಡೆ ನನಗೆ ಇನ್ನೂ ಹೆಚ್ಚು ಅನುಮಾನ.

ಜೂನ್ 19, ಗುರುವಾರ, ನಾಲ್ಕಕ್ಕೆ ಸ್ವಲ್ಪ ಮುಂಚೆ

ಸೆಂಟರ್ ಖಾಲಿ ಮಾಡಿಸಿದೆ. ಹರಿತಾ ಕೌಂಟರ್ ಪಕ್ಕದ ಸ್ಟೂಲಿನಲ್ಲಿ. ಅಂಬರೀಶ್ ಬಾಗಿಲ ಹತ್ತಿರ ನಿಂತಿದ್ದಾನೆ, ಒಳಗೆ ಬಾ ಅಂದರೂ ಬರುತ್ತಿಲ್ಲ. ಕೈಗೆ ಏನಾದರೂ ಬೇಕಲ್ಲ, ನಾನು ಬರೆಯುತ್ತಿದ್ದೇನೆ.

ಸಾಲು ಸಿದ್ಧ ಮಾಡಿಕೊಂಡಿದ್ದೆ. "ಟೆಕ್ನಿಕಲ್ ತೊಂದರೆಯಿಂದ." "ನಮ್ಮ ಸೆಂಟರಿನ ಕಡೆಯಿಂದ." ಎಲ್ಲವೂ ಚೆನ್ನಾಗಿವೆ. ಯಾವುದರಲ್ಲೂ ನಾನಿಲ್ಲ.

ಮೊಬೈಲ್ ಹೊಡೆದುಕೊಳ್ಳುತ್ತಿದೆ.

"ಸ್ಪೀಕರ್‌ಗೆ ಹಾಕು ಮಾಮ" ಅನ್ನುತ್ತಿದ್ದಾಳೆ. "ಅವನು ಏನ್ ಮಾಡ್ದ ಅಂತ ಅವನ ಎದುರಿಗೇ ಹೇಳು."

ಅಂಬರೀಶ್ ರೋಡಿನ ಕಡೆ ತಿರುಗಿಕೊಂಡ. ಇನ್ನೊಂದು ರಿಂಗ್ ಆಗಲಿ. ಎತ್ತುವ ಮೊದಲು ಇವಳಿಗೆ, ನಾನೇ ಕಣಮ್ಮ ಮುಟ್ಟಿದ್ದು ಅಂತ—