ಮಾತಾಡೂ ಸೀಡಿ

೧೨ ಮಾರ್ಚ್ ೨೦೦೭, ಸೋಮವಾರ
ಮುಂಜಾನಿ ನಮ್ಮ ಮನಿಯವರಿಗೆ ಪೇಪರ್ ಓದಿದೆ. ನಡುವ ಎರಡು ಸಾಲು ಬಿಟ್ಟೆ. "ದಿಲಶಾದ, ಏನೋ ಹಾರಿಸಿದಿ" ಅಂದ್ರು. ಸಿಟ್ಟು ಬಂತು. ಸಕ್ಕರಿ ಜಡ್ಡು ಇವರ ಕಣ್ಣು ಒಯ್ದ ಮ್ಯಾಲೆ ಪೇಪರ್, ಪತ್ರ, ಔಷಧದ ಡಬ್ಬಿ — ಎಲ್ಲಾ ನನ್ನ ಬಾಯಿಂದನ. ಆಮ್ಯಾಲೆ ಜತ್ತ ಪ್ಯಾಟ್ಯಾಗ ಡಿಟಿಪಿ ಅಂಗಡಿ ಕೆಲಸ. ಸಂಜಿಗೆ ದನೀನ ಉಳಿಯೂದಿಲ್ಲ.

೧೮ ಮಾರ್ಚ್, ರವಿವಾರ
ಸಾಂಗ್ಲಿಯಿಂದ ತಮ್ಮ ಅರಮಾನ ಬಂದಿದ್ದ. ಪೆನ್‌ಡ್ರೈವ್ ಕೊಟ್ಟ. ಅದರಾಗ ಲಿನಕ್ಸ್ ಐತಂತ, ಕಂಪ್ಯೂಟರಿಗೆ ವಿಂಡೋಜ್ ಬದಲಿ ಹಾಕೂದು. ಪುಕಟ. ಪರದಿ ಮ್ಯಾಲಿಂದೆಲ್ಲಾ ಇಂಗ್ಲಿಷ್‌ನಾಗ ಓದಿ ಹೇಳತೈತಂತ. "ಆಪಾ, ಸೀಡಿ ಮಾಡಿ ಹಚ್ಚು. ದುಲ್ಹಾಭಾಯಿ ಕೈಯಾಗ ಟೈಪಿಂಗ್ ಐತಲ್ಲ."
ಹೌದು. ಇವರು ಟೈಪಿಂಗ್ ಕ್ಲಾಸ್ ನಡಸಿದವರು. ಕೀಬೋರ್ಡ್ ನೋಡದ ಹೊಡೀತಾರ. ಆದ್ರ ಏನು ಹೊಡದೆ ಅಂತ ಹೇಳಾಕ ಒಬ್ರು ಬೇಕಲ್ಲ...

೨೦ ಮಾರ್ಚ್
ಅಂಗಡ್ಯಾಗ ಸೀಡಿ ಬರದೆ. ಮನಿ ಕಂಪ್ಯೂಟರಿಗೆ ಹಾಕಿದ್ರ ಎಂದಿನಂಗ ವಿಂಡೋಜ್‌ನ ಬಂತು. ಹಾಡಿನ ಸೀಡಿ ಮಾಡಿದಂಗ ಫೈಲ್ ಕಾಪಿ ಮಾಡಿಬಿಟ್ಟಿದ್ದೆ. ಹಂಗಲ್ಲಂತ. "ಬರ್ನ್ ಇಮೇಜ್" ಅಂತ ಬ್ಯಾರೆ ಆಪ್ಶನ್ ಐತಂತ. ಅರಮಾನ ಈಗ ಫೋನಿನ್ಯಾಗ ಹೇಳಿದ. ಮೊದಲ ಹೇಳಾಕ ಏನಾಗಿತ್ತು?

೨೨ ಮಾರ್ಚ್
ಅರ್ಧಾ ಬರದಿತ್ತು. ಲೋಡ್‌ಶೆಡ್ಡಿಂಗ್. ಸೀಡಿ ಕೆಟ್ಟು ಹೋತು.

೨ ಏಪ್ರಿಲ್
ಜ್ವರ ಬಂದಿತ್ತು. ಏನೂ ಓದಲಿಲ್ಲ. ಇವರು ಬಾಜೂಕ ಕುಂತು ನೀರು ಕುಡಸಿದರು. ಗ್ಲಾಸ್ ಹುಡುಕೂ ಕೈ ನೋಡಾಕ ಆಗಲಿಲ್ಲ. ಗ್ವಾಡಿ ಕಡೆ ಹೊರಳಿದೆ.

೫ ಏಪ್ರಿಲ್
ಸ್ಪೀಡ್ ಕಮ್ಮಿ ಇಟ್ಟು ಬರದೆ. ಲೈಟ್ ಹೋಗಲಿಲ್ಲ. ಮನ್ಯಾಗ ಕಂಪ್ಯೂಟರಿನ ಬಯಾಸ್ ಸೆಟ್ಟಿಂಗ್‌ದಾಗ ಹೋಗಿ, ಮೊದಲ ಸೀಡಿ ಓದು ಅಂತ ಹಚ್ಚಿದೆ. ಭಾಳ ಹೊತ್ತು ಗರಗರ. ಆಮ್ಯಾಲೆ ಗಂಡಸರ ದನಿ, ಮೂಗಿನ್ಯಾಗ ಮಾತಾಡಿದಂಗ.
ಇವರು ಎದ್ದು ನಿಂತರು. "ಯಾರ ಬಂದ್ರು? ಕುಂದ್ರಿ, ಕುಂದ್ರಿ."
"ಯಾರೂ ಇಲ್ರಿ. ಕಂಪ್ಯೂಟರ್."
ದನಿ ಬಂದ ಕಡೆ ಕುರ್ಚಿ ಎಳಕೊಂಡು ಕುಂತರು.
ಇದನ್ನ ಕಾಯಂ ಹಾಕಬೇಕಂದ್ರ ಹಳೇದೆಲ್ಲಾ ಅಳಿಸಬೇಕು. ಕಣ್ಣಿದ್ದಾಗ ಇವರು ಟೈಪ್ ಮಾಡಿಟ್ಟ ಕ್ಲಾಸಿನ ಪಾಠಾನೂ. ಪಾಠ ಸೀಡಿಗೆ ತಗದಿಡ್ಲೇನು ಅಂತ ಕೇಳಿದೆ.
"ಅಳಿಸು" ಅಂದ್ರು. "ಇನ್ನ ಯಾರಿಗೆ ಕಲಸಲಿ?"
ಬಟನ್ ಒತ್ತಿದೆ. ಅಳು ಬಂತು. ಸಪ್ಪಳ ಮಾಡಲಿಲ್ಲ.

೮ ಏಪ್ರಿಲ್, ರವಿವಾರ
ಮುಂಜಾನಿಯಿಂದ ಟಕಟಕ. ನಾ ರೊಟ್ಟಿ ಬಡೀತಿದ್ದೆ. ಒಳಗಿಂದ ಅದು ಅಂತು — "ದಿಲ್‌ಶೇಡ್, ಸೋ ಜಾ."
ಹೋದೆ. ಇಂಗ್ಲಿಷ್ ಅಕ್ಷರದಾಗ ನಮ್ಮ ಮನಿ ಮಾತು ಹೊಡದಿದ್ದರು. ಮಲಕೋ ಅಂತ. ಹಾಡಹಗಲ!
"ನಿನ್ನ ಹೆಸರು ಕೆಡಸಿತು ನೋಡು" ಅಂದ್ರು. ನಗತಿದ್ದರು. ಎಷ್ಟ ದಿನಾ ಆಗಿತ್ತು ಇವರ ನಗಿ ನೋಡಿ. ನನಗೂ ನಗಿ ಬಂತು. ರೊಟ್ಟಿ ಹೊತ್ತಿತು.
ಉಂಡು ಅಲ್ಲೇ ಚಾಪಿ ಹಾಸಿ, ಅಡ್ಡಾಗಿ ಇದನ್ನ ಬರಿಯಾಕತ್ತೀನಿ. ಟಕಟಕ ನಡದೈತಿ. ಅದು ತಪ್ಪು ತಪ್ಪು ಓದತೈತಿ, ಇವರು ಅದಕ್ಕ ಬೈಯಾಕತ್ತಾರ. ನನಗ ಯಾರೂ ಕರಿಯಾಕತ್ತಿಲ್ಲ... ಕಣ್ಣು ಮುಚ್ಚಾಕ...